ಕ್ಯಾಲ್ಸಿಯಂ ಸ್ಕೋರ್ ಕೈಗೆ ಬಂದ ಮೇಲೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರು ಹೃದಯದ ತಪಾಸಣೆಗೆಂದು ಬೆಳಗಾವಿಗೋ ಧಾರವಾಡ–ಹುಬ್ಬಳ್ಳಿಗೋ ಹೋಗಿಬರುವುದು ಹೊಸದೇನಲ್ಲ. ಇಸಿಜಿ, ಎಕೋ, ರಕ್ತಪರೀಕ್ಷೆಯ ಹಾಳೆಗಳಿರುತ್ತಿದ್ದ ಫೈಲಿಗೆ ಈಗ ಕೆಲವರಲ್ಲಿ ಇನ್ನೊಂದು ಹಾಳೆ ಸೇರಿಕೊಳ್ಳುತ್ತಿದೆ. ಅದು ಹೃದಯದ ರಕ್ತನಾಳಗಳ ಕ್ಯಾಲ್ಸಿಯಂ ಸ್ಕೋರ್. ಹಾಳೆಯಲ್ಲಿ ನಾಲ್ಕು ಸಾಲಿನ ಚಿಕ್ಕ ಪಟ್ಟಿ ಇರುತ್ತದೆ: ಎಡ ಮುಖ್ಯನಾಳ, ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ. ಒಂದೊಂದರ ಎದುರಿಗೆ ಒಂದೊಂದು ಅಂಕಿ, ತಳದಲ್ಲಿ ಒಟ್ಟು ಮೊತ್ತ. ಮೊತ್ತ ಸೊನ್ನೆ ಇದ್ದರೆ ಹಾಳೆ ಮಡಚಿ ಚೀಲ ಸೇರುತ್ತದೆ. 150, 300, 600 ಎಂದಿದ್ದರೆ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ: “ಹಾರ್ಟಿನ್ಯಾಗ ಬ್ಲಾಕ್ ಐತಂತ.”

ಈ ಪರೀಕ್ಷೆ ಮಾಡುವುದೇ ಎದೆನೋವು ಇಲ್ಲದವರಿಗೆ. ನೋವಿದ್ದವರಿಗೆ ಬೇಕಾದದ್ದು ಇಸಿಜಿ ಮತ್ತು ಮುಂದಿನ ಚಿಕಿತ್ಸೆ. ಅವರನ್ನು ಸ್ಕೋರಿಗಾಗಿ ಕಾಯಿಸಬಾರದು. ಹಾಗಾಗಿ ಮುಂಜಾನೆ ಹೊಲದಲ್ಲಿ ಹತ್ತಿ ನೋಡಿಬಂದು, ಅಂಗಡಿಯ ಲೆಕ್ಕ ಬರೆದು, ಏನೂ ತೊಂದರೆಯಿಲ್ಲದೆ ತಪಾಸಣೆಗೆ ಹೋದ ಮನುಷ್ಯ ಸಂಜೆಗೆ ಹೃದ್ರೋಗಿ ಎನಿಸಿಕೊಂಡು ಮರಳುತ್ತಾನೆ. ಆ ರಾತ್ರಿ ನಿದ್ದೆ ಬರುವುದಿಲ್ಲ. ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ. ಈ ಅಂಕಿ ನಿಜವಾಗಿ ಏನು ಹೇಳುತ್ತದೆ, ಅದನ್ನು ಹಿಡಿದುಕೊಂಡು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಸಾವಕಾಶವಾಗಿ ತಿಳಿದುಕೊಂಡರೆ ಭಯ ಅರ್ಧ ಇಳಿಯುತ್ತದೆ. ಉಳಿದರ್ಧ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆ ಸರಳವಾದದ್ದು. ಎದೆಗೆ ಇಸಿಜಿಯ ವೈರು ಅಂಟಿಸಿ ಸಿಟಿ ಯಂತ್ರದ ಮೇಜಿನ ಮೇಲೆ ಮಲಗಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ, ನಾಳಕ್ಕೆ ಯಾವ ಔಷಧಿಯನ್ನೂ ಬಿಡುವುದಿಲ್ಲ. ಉಸಿರು ಹಿಡಿದುಕೊಳ್ಳಿ ಎಂದು ಹೇಳಿ ಕೆಲವೇ ಕ್ಷಣಗಳಲ್ಲಿ ಚಿತ್ರ ತೆಗೆದು ಮುಗಿಸುತ್ತಾರೆ. ದೇಹಕ್ಕೆ ತಾಗುವ ವಿಕಿರಣ ಸುಮಾರು 1 ಮಿಲಿಸೀವರ್ಟ್. ನೆಲದಿಂದ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷವಿಡೀ ತಾನಾಗಿ ತಾಗುವುದರಲ್ಲಿ ಇದು ಅರ್ಧಕ್ಕಿಂತಲೂ ಕಡಿಮೆ.

ಎಣಿಕೆಯ ಕ್ರಮ ಹುಟ್ಟಿದ್ದು ಅಮೆರಿಕದ ಮಯಾಮಿ ಬೀಚಿನಲ್ಲಿ. ಹೃದಯತಜ್ಞ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು 1990ರಲ್ಲಿ ಇದನ್ನು ಪ್ರಕಟಿಸಿದರು. ಸಿಟಿ ಚಿತ್ರದಲ್ಲಿ ಸುಣ್ಣಾಂಶ ಬೆಳ್ಳಗೆ ಕಾಣುತ್ತದೆ. ಬಿಳುಪು ಹೌನ್ಸ್‌ಫೀಲ್ಡ್ ಎಂಬ ಅಳತೆಯಲ್ಲಿ 130 ದಾಟಿದ್ದರೆ ಮಾತ್ರ ಆ ಚುಕ್ಕೆ ಲೆಕ್ಕಕ್ಕೆ ಬರುತ್ತದೆ. ಮೊದಲು ಚುಕ್ಕೆಯ ಅಗಲವನ್ನು ಚದರ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬಿಳುಪು 200ರ ಒಳಗಿದ್ದರೆ ಅದನ್ನು ಒಂದರಿಂದ, 200 ದಾಟಿದರೆ ಎರಡರಿಂದ, 300 ದಾಟಿದರೆ ಮೂರರಿಂದ, 400 ದಾಟಿದರೆ ನಾಲ್ಕರಿಂದ ಗುಣಿಸುತ್ತಾರೆ. ಐದು ಚದರ ಮಿಲಿಮೀಟರಿನ ಚುಕ್ಕೆ, ಬಿಳುಪು 320 ಎಂದುಕೊಳ್ಳಿ: ಐದು ಮೂರಲೆ ಹದಿನೈದು. ನಾಲ್ಕೂ ನಾಳಗಳಲ್ಲಿ ಸಿಕ್ಕ ಇಂಥ ಚುಕ್ಕೆಗಳನ್ನೆಲ್ಲ ಕೂಡಿಸಿದರೆ ಬರುವುದೇ ಸ್ಕೋರ್. ಒಂದರಿಂದ 99 ಅಲ್ಪ, 100ರಿಂದ 399 ಮಧ್ಯಮ, 400ರಿಂದ ಮೇಲೆ ಹೆಚ್ಚು. ಮೇಲ್ಮಿತಿ ಇಲ್ಲ, ಸಾವಿರ ದಾಟಿದ ಸ್ಕೋರುಗಳೂ ಇವೆ.

ಲೆಕ್ಕದ ಕ್ರಮ ತಿಳಿದ ಕೂಡಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಕಳಚುತ್ತದೆ. 300 ಸ್ಕೋರ್ ಎಂದರೆ ಮೂರು ಬ್ಲಾಕ್ ಅಲ್ಲ, 80 ಎಂದರೆ ನಾಳ ನೂರಕ್ಕೆ ಎಂಬತ್ತು ಮುಚ್ಚಿದೆ ಎಂದೂ ಅಲ್ಲ. ರಕ್ತ ಹರಿಯುವ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಈ ಪರೀಕ್ಷೆ ನೋಡುವುದೇ ಇಲ್ಲ. ಅದು ಅಳೆಯುವುದು ನಾಳದ ಗೋಡೆಯೊಳಗೆ ಕೂತ ಸುಣ್ಣಾಂಶವನ್ನು.

ಆ ಸುಣ್ಣಾಂಶ ಅಲ್ಲಿಗೆ ಬಂದದ್ದು ಹೇಗೆ? ರಕ್ತದಲ್ಲಿ ಹೆಚ್ಚಾದ ಎಲ್‌ಡಿಎಲ್ ಕೊಬ್ಬು ವರ್ಷಗಟ್ಟಲೆ ನಾಳದ ಗೋಡೆಯೊಳಗೆ ಇಳಿಯುತ್ತದೆ. ಅದನ್ನು ನುಂಗಲು ಬಂದ ಜೀವಕೋಶಗಳು ಅಲ್ಲೇ ಸತ್ತು, ಉರಿಯೂತವಾಗಿ, ಜಿಡ್ಡಿನ ಗಡ್ಡೆ ಬೆಳೆಯುತ್ತದೆ. ವೈದ್ಯರು ಪ್ಲಾಕ್ ಎನ್ನುವುದು ಇದಕ್ಕೇ. ದೇಹ ಅದನ್ನು ಬಿಗಿದು ಗಟ್ಟಿ ಮಾಡಲು ನೋಡುವಾಗ ಅಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಗಾಯ ಮಾಗಿದ ಮೇಲೆ ಚರ್ಮದಲ್ಲಿ ಕಲೆ ಉಳಿಯುವ ಹಾಗೆ ಇದು. ಒಟ್ಟು ಪ್ಲಾಕಿನಲ್ಲಿ ಸುಣ್ಣಗಟ್ಟಿದ ಭಾಗ ಸುಮಾರು ಐದರಲ್ಲಿ ಒಂದು. ಮೆತ್ತಗಿನ ಉಳಿದ ಭಾಗ ಈ ಚಿತ್ರದಲ್ಲಿ ಕಾಣುವುದಿಲ್ಲ, ಹೃದಯಾಘಾತಗಳಲ್ಲಿ ಬಹುಪಾಲು ಒಡೆಯುವುದೂ ಅದೇ. ಸ್ಕೋರ್ ಹೆಚ್ಚಿದ್ದರೆ ಅಷ್ಟು ದಿನಗಳಿಂದ ಕೆಲಸ ನಡೆದಿದೆ, ಕಾಣದ ಮೆತ್ತಗಿನ ಭಾಗವೂ ಅದರ ಜೊತೆಗಿರಬಹುದು ಎಂದು ಅರ್ಥ. ಮೂವತ್ತೈದರ ತರುಣನಿಗೆ ಸೊನ್ನೆ ಬಂದರೂ ಅವನು ನಿಶ್ಚಿಂತನಾಗುವಂತಿಲ್ಲ ಎಂಬುದಕ್ಕೆ ಕಾರಣವೂ ಇದೇ. ಸುಣ್ಣ ಕೂರಲು ಸಾಕಷ್ಟು ವರ್ಷ ಆಗಿರುವುದಿಲ್ಲ.

ಈ ಸುಣ್ಣ ಇಂದಿನ ಕಾಲದ್ದು ಎಂದು ತಿಳಿಯಬೇಕಿಲ್ಲ. ಪ್ರಾಚೀನ ಈಜಿಪ್ಟ್, ಪೆರು ಮತ್ತಿತರ ನಾಡುಗಳ 137 ಮಮ್ಮಿಗಳನ್ನು ಸಂಶೋಧಕರು ಸಿಟಿ ಯಂತ್ರದಲ್ಲಿಟ್ಟು ನೋಡಿದ ವರದಿ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 47 ದೇಹಗಳ ನಾಳಗಳಲ್ಲಿ ರೋಗದ ಗುರುತು ಖಚಿತವಾಗಿಯೋ ಸಂಭಾವ್ಯವಾಗಿಯೋ ಕಂಡಿತು.

ಇನ್ನು ಅಪಾಯದ ಲೆಕ್ಕ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಮೆಸಾ ಎಂಬ ದೊಡ್ಡ ಅಧ್ಯಯನದಿಂದ ಈ ವಿಷಯದ ಬಹುಪಾಲು ತಿಳಿವಳಿಕೆ ಬಂದಿದೆ. ಹೃದ್ರೋಗವಿಲ್ಲದ, 45ರಿಂದ 84 ವಯಸ್ಸಿನ ಆರೂವರೆ ಸಾವಿರಕ್ಕೂ ಹೆಚ್ಚು ಜನರ ಸ್ಕೋರ್ ತೆಗೆದು ಅವರನ್ನು ವರ್ಷಗಟ್ಟಲೆ ಗಮನಿಸಿದರು. 2008ರ ವರದಿಯಲ್ಲಿ, ಸುಮಾರು ನಾಲ್ಕು ವರ್ಷಗಳ ಅವಧಿಗೆ, ಸೊನ್ನೆ ಬಂದ 3,409 ಜನರಲ್ಲಿ 15 ಮಂದಿಗೆ ಹೃದಯನಾಳದ ತೊಂದರೆ ಕಾಣಿಸಿತ್ತು. 300 ದಾಟಿದ 833 ಜನರಲ್ಲಿ 67 ಮಂದಿಗೆ. ವಯಸ್ಸು, ಬಿಪಿ, ಧೂಮಪಾನ ಮೊದಲಾದುವನ್ನು ಸರಿದೂಗಿಸಿದ ಮೇಲೂ ಅಪಾಯ ಹತ್ತು ಪಟ್ಟಿನ ಹತ್ತಿರ. ಪತ್ರಿಕೆಯ ತಲೆಬರಹಕ್ಕೆ ಹತ್ತು ಪಟ್ಟು ಎಂಬ ಮಾತೇ ಸಾಕು. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಅಂಕಿಯೂ ಇದೆ: 833ರಲ್ಲಿ 766 ಮಂದಿಗೆ ಆ ಅವಧಿಯಲ್ಲಿ ಏನೂ ಆಗಲಿಲ್ಲ. ಅಪಾಯ ಹೆಚ್ಚೆಂಬುದೂ ನಿಜ, ಹೆಚ್ಚಿನವರು ಚೆನ್ನಾಗಿದ್ದರೆಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಮೆಸಾದಲ್ಲಿ ಬಿಳಿಯರು, ಕರಿಯರು, ಲ್ಯಾಟಿನ್ ಮೂಲದವರು, ಚೀನೀ ಮೂಲದವರು ಇದ್ದರು. ನಮ್ಮ ಕಡೆಯವರು ಇರಲಿಲ್ಲ. ಆ ಕೊರತೆ ತುಂಬಲು 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಸುತ್ತಲಿನ ಭಾರತ ಉಪಖಂಡ ಮೂಲದ 906 ಜನರನ್ನು ಸೇರಿಸಿಕೊಂಡು ಮಸಾಲಾ ಎಂಬ ಅಧ್ಯಯನ ಆರಂಭವಾಯಿತು. ನಮ್ಮ ಗಂಡಸರ ನಾಳಗಳಲ್ಲಿನ ಸುಣ್ಣ ಬಿಳಿಯ ಗಂಡಸರಷ್ಟೇ ಇದೆ, ಉಳಿದ ಮೂರು ಸಮುದಾಯಗಳ ಗಂಡಸರಿಗಿಂತ ಹೆಚ್ಚಿದೆ ಎಂದು ಅದು ತೋರಿಸಿತು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಇದಕ್ಕೂ ಮೊದಲೇ ಇನ್ನೊಂದು ಮಾತು ಹೇಳಿತ್ತು: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ಸುಮಾರಿಗೆ ಬರುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ. ಆದ್ದರಿಂದ ಸ್ಕೋರನ್ನು ವಯಸ್ಸಿನ ಜೊತೆಗಿಟ್ಟೇ ಓದಬೇಕು. 75ರ ಅಜ್ಜನಿಗೆ 120 ಬಂದರೆ ಅದು ವಯಸ್ಸಿಗೆ ತಕ್ಕದ್ದು. 42ರ ಮಗನಿಗೆ 120 ಬಂದರೆ ವೈದ್ಯರ ಮುಖ ಗಂಭೀರವಾಗಬೇಕು.

ಲೋಕಕ್ಕೆಲ್ಲ ಗೊತ್ತಿರುವ ಇಬ್ಬರ ಸ್ಕೋರುಗಳಿವೆ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರದು 2009ರಲ್ಲಿ 34, 2013ರಲ್ಲಿ 98, ಅವರಿಗೆ 71 ವರ್ಷವಾಗಿದ್ದ 2018ರಲ್ಲಿ 133 ಇತ್ತು. ಅವರು ಕೊಲೆಸ್ಟರಾಲ್ ಗುಳಿಗೆ ತೆಗೆದುಕೊಳ್ಳುತ್ತ ಕೆಲಸದಲ್ಲಿ ಮುಂದುವರಿದರು. ಅಲ್ಲಿನ ಹೆಸರಾಂತ ಟಿವಿ ಪತ್ರಕರ್ತ ಟಿಮ್ ರಸರ್ಟ್ ಅವರಿಗೆ 1998ರಲ್ಲಿ 210 ಬಂದಿತ್ತು. 2008ರ ಏಪ್ರಿಲ್‌ನಲ್ಲಿ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಜೂನ್ 13ರಂದು, 58ನೇ ವಯಸ್ಸಿನಲ್ಲಿ, ಕಚೇರಿಯಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಅಂಕಿಯೊಂದೇ ಯಾರ ಹಣೆಬರಹವನ್ನೂ ಹೇಳುವುದಿಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ.

ಇಲ್ಲಿ ವರದಿ ಬಂದ ಮೇಲೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಹಾಲಿನದು. “ಕ್ಯಾಲ್ಸಿಯಂ ಜಾಸ್ತಿ ಆಗೇತಂತ್ರಿ, ಹಾಲು–ಮಸರು ಬಿಡಸೂನೇನ್ರಿ?” ಬಿಡಿಸಬೇಕಿಲ್ಲ. ಊಟದಲ್ಲಿ ಬರುವ ಕ್ಯಾಲ್ಸಿಯಂ ನಾಳದ ಗೋಡೆಯಲ್ಲಿ ಹೋಗಿ ಕೂರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಿಂದ, ಎಲೆಗೆ ಹಚ್ಚುವ ಸುಣ್ಣದಿಂದ ಹೀಗಾಯಿತು ಎಂಬ ಮಾತಿಗೂ ಆಧಾರವಿಲ್ಲ. ಎಲುಬಿಗೆಂದು ಕ್ಯಾಲ್ಸಿಯಂ ಗುಳಿಗೆ ನುಂಗುತ್ತಿರುವ ಹೆಣ್ಣುಮಕ್ಕಳು ಮಾತ್ರ ಅದು ಬೇಕೇ ಎಂದು ಕೊಟ್ಟ ವೈದ್ಯರನ್ನೇ ಕೇಳುವುದು ಲೇಸು.

ಎರಡನೆಯ ಪ್ರಶ್ನೆ, ಇದನ್ನು ಕರಗಿಸುವ ಔಷಧಿ ಉಂಟೇ ಎಂಬುದು. ಕೂತ ಸುಣ್ಣವನ್ನು ತೊಳೆದು ತೆಗೆಯುವ ಔಷಧಿ ಇಲ್ಲ. ನಾಳ ಸ್ವಚ್ಛ ಮಾಡುತ್ತೇವೆಂದು ರಕ್ತನಾಳಕ್ಕೆ ಔಷಧಿ ಹರಿಸುವ ಚಿಲೇಶನ್ ಎಂಬ ಚಿಕಿತ್ಸೆಗೆ ಕೆಲವರು ಬಹಳ ಹಣ ಸುರಿಯುತ್ತಾರೆ. ಒಮ್ಮೆ ಹೃದಯಾಘಾತವಾದ ಸಕ್ಕರೆ ಕಾಯಿಲೆಯವರ ಮೇಲೆ ಅದನ್ನು ಪರೀಕ್ಷಿಸಿದ ಟ್ಯಾಕ್ಟ್–2 ಎಂಬ ಅಧ್ಯಯನ 2024ರಲ್ಲಿ ಪ್ರಕಟವಾಯಿತು; ಹೃದಯಕ್ಕೆ ಲಾಭ ಕಾಣಲಿಲ್ಲ.

ಮೂರನೆಯದು ದುಬಾರಿ ಪ್ರಶ್ನೆ: ಆಂಜಿಯೋ ಮಾಡಿಸಿ ಸ್ಟೆಂಟ್ ಹಾಕಿಸಿಬಿಡೋಣವೇ? ನೋವಿಲ್ಲದ ಮನುಷ್ಯನಿಗೆ ಸ್ಕೋರ್ ಹೆಚ್ಚೆಂಬ ಒಂದೇ ಕಾರಣಕ್ಕೆ ಸ್ಟೆಂಟ್ ಹಾಕುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ನಾಳ ಕಿರಿದಾಗಿರುವುದು ಖಚಿತವಾಗಿದ್ದ, ಆದರೆ ಸ್ಥಿತಿ ಸ್ಥಿರವಾಗಿದ್ದ ರೋಗಿಗಳ ಮೇಲೆಯೇ ಇದನ್ನು ಪರೀಕ್ಷಿಸಿದ್ದಾರೆ. 2007ರ ಕರೇಜ್ ಅಧ್ಯಯನದಲ್ಲಿ 2,287 ಜನರಿದ್ದರು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ 5,179 ಜನರಿದ್ದರು, ಭಾರತದವರೂ ಅದರಲ್ಲಿ ಸೇರಿದ್ದರು. ಒಳ್ಳೆಯ ಗುಳಿಗೆ ಚಿಕಿತ್ಸೆಯ ಜೊತೆಗೆ ಸ್ಟೆಂಟನ್ನೋ ಬೈಪಾಸನ್ನೋ ಸೇರಿಸಿದರೆ ಎದೆನೋವು ಕಡಿಮೆಯಾಯಿತು, ಆದರೆ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಹೃದಯಾಘಾತ ನಡೆಯುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ. ಅದರ ಲೆಕ್ಕ ಬೇರೆ. ಗುಡ್ಡ ಹತ್ತುವಾಗ ಎದೆ ಬಿಗಿದು ನಿಂತರೆ ಸಡಿಲವಾಗುವವರಿಗೆ, ಸ್ಕೋರ್ ಬಹಳ ಹೆಚ್ಚಿದ್ದವರಿಗೆ ವೈದ್ಯರು ಟ್ರೆಡ್‌ಮಿಲ್ ಅಥವಾ ಇನ್ನಾವುದೋ ಪರೀಕ್ಷೆ ಹೇಳಬಹುದು, ಅದು ನ್ಯಾಯವೇ. “ಇವತ್ತ ಅಡ್ಮಿಟ್ ಆಗ್ರಿ, ಇಲ್ಲಂದ್ರ ಗ್ಯಾರಂಟಿ ಇಲ್ಲ” ಎಂದು ಆರಾಮಾಗಿರುವ ಮನುಷ್ಯನಿಗೆ ಯಾರಾದರೂ ಹೇಳಿದರೆ, ಹೊಲ ಒತ್ತೆ ಇಡುವ ಮೊದಲು ಇನ್ನೊಬ್ಬ ಹೃದಯತಜ್ಞರಿಗೆ ಅದೇ ಫೈಲು ತೋರಿಸಬೇಕು. ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಮಾಡಿದ ಅವಮಾನವಾಗುವುದಿಲ್ಲ.

ಹಾಗಾದರೆ ಮಾಡುವುದೇನು? ಉತ್ತರ ಸಣ್ಣ ಗುಳಿಗೆಯಿಂದ ಶುರುವಾಗುತ್ತದೆ. ಅಮೆರಿಕದ ಹೃದ್ರೋಗ ಸಂಘಗಳ 2018ರ ಮಾರ್ಗಸೂಚಿಯಂತೆ ಸ್ಕೋರ್ 100 ದಾಟಿದವರಿಗೆ ಸ್ಟ್ಯಾಟಿನ್ ಗುಂಪಿನ ಔಷಧಿ ಆರಂಭಿಸಬೇಕು. 1ರಿಂದ 99ರೊಳಗೆ ಇದ್ದರೂ, ಅದರಲ್ಲೂ 55 ದಾಟಿದವರಲ್ಲಿ, ಒಲವು ಅತ್ತಲೇ. ಅಟಾರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಆ ಗುಂಪಿನವು. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು ಐದರಲ್ಲಿ ಒಂದು ಪಾಲು ತಗ್ಗುತ್ತವೆ ಎಂಬುದು ಲಕ್ಷಾಂತರ ಜನರ ಮೇಲಿನ ಪರೀಕ್ಷೆಗಳಿಂದ ಸಿದ್ಧವಾಗಿದೆ. ಸ್ಕೋರ್ 100 ದಾಟಿದವರಲ್ಲಿ ಎಲ್‌ಡಿಎಲ್ 70ಕ್ಕಿಂತ ಕೆಳಗೆ ತರಲು ವೈದ್ಯರು ನೋಡುತ್ತಾರೆ. ಗುಳಿಗೆ ಶುರುಮಾಡಿ ಒಂದರಿಂದ ಮೂರು ತಿಂಗಳೊಳಗೆ ರಕ್ತ ಮತ್ತೆ ಪರೀಕ್ಷಿಸಬೇಕು. ಆಸ್ಪಿರಿನ್ ಎಲ್ಲರಿಗೂ ಬೇಕಿಲ್ಲ. ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿರುವುದರಿಂದ ಅದನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗಬಾರದು.

ಹೆಚ್ಚಿನವರು ಸೋಲುವುದು ಗುಳಿಗೆ ಶುರುಮಾಡುವಲ್ಲಿ ಅಲ್ಲ, ಮುಂದುವರಿಸುವಲ್ಲಿ. “ಒಂದ್ಸಲ ಹಿಡಿದ್ರ ಚಟ ಆಗತೈತಿ, ಈಗ ಆರಾಮ ಅದೇನಿ” ಎಂದು ಎರಡನೇ ತಿಂಗಳಿಗೆ ಬಿಡುತ್ತಾರೆ. ಸ್ಟ್ಯಾಟಿನ್‌ಗೆ ಚಟ ಹಿಡಿಸುವ ಗುಣವಿಲ್ಲ. ಮೈಕೈ ನೋವು ಬಂದರೆ ಬಿಡುವ ಬದಲು ವೈದ್ಯರಿಗೆ ಹೇಳಬೇಕು; ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ. ಇನ್ನು ಕೆಲವರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಸ್ಕೋರ್ ಇಳಿದಿದೆಯೇ ಎಂದು ನೋಡುತ್ತಾರೆ. ಇಳಿಯುವುದಿಲ್ಲ, ಏರುವುದೇ ಹೆಚ್ಚು. ಎಂಟು ಪರೀಕ್ಷೆಗಳ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಪ್ರಬಲ ಸ್ಟ್ಯಾಟಿನ್ ತೆಗೆದುಕೊಂಡವರ ನಾಳಗಳಲ್ಲಿ ಪ್ಲಾಕ್ ಕುಗ್ಗಿದ್ದರೂ ಸುಣ್ಣಾಂಶ ಹೆಚ್ಚಿತ್ತು. ಮೆತ್ತಗಿದ್ದದ್ದು ಗಟ್ಟಿಯಾಗಿ ಒಡೆಯುವ ಭಯ ಕಡಿಮೆಯಾಗುವ ಬಗೆ ಅದು. ಗುಳಿಗೆ ತೆಗೆದುಕೊಳ್ಳುತ್ತ ಮತ್ತೆ ಸ್ಕೋರ್ ನೋಡಿ ಕಂಗೆಡುವುದರಲ್ಲಿ ಅರ್ಥವಿಲ್ಲ. ಸ್ಕೋರ್ ತನ್ನ ಮಾತು ಒಮ್ಮೆ ಹೇಳಿ ಮುಗಿಸಿದೆ. ಇನ್ನು ಮುಂದೆ ನೋಡಬೇಕಾದ ಅಂಕಿಗಳು ಬಿಪಿ, ಸಕ್ಕರೆ, ಎಲ್‌ಡಿಎಲ್, ಸೊಂಟದ ಸುತ್ತಳತೆ. ಇವು ಇಳಿಯುತ್ತವೆ, ಇಳಿದದ್ದು ಕಣ್ಣಿಗೆ ಕಾಣುತ್ತದೆ. ಬಿಪಿ, ಸಕ್ಕರೆಯನ್ನಂತೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲೇ ನೋಡಿಸಿಕೊಳ್ಳಬಹುದು.

ತಂಬಾಕಿನ ಮಾತನ್ನು ಮೆಲ್ಲಗೆ ಹೇಳಿ ಪ್ರಯೋಜನವಿಲ್ಲ. ಬೀಡಿ ಬಿಟ್ಟೆ ಎಂದು ಹೇಳುವ ಎಷ್ಟೋ ಜನ ಅಂಗೈಯಲ್ಲಿ ತಂಬಾಕು–ಸುಣ್ಣ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವುದನ್ನು ಬಿಟ್ಟಿರುವುದಿಲ್ಲ. ಅಗಿಯುವ ತಂಬಾಕು ಹೃದಯಾಘಾತದ ಸಂಭವವನ್ನು ಎರಡು ಪಟ್ಟಿಗೂ ಮೇಲಕ್ಕೆ ಒಯ್ಯುತ್ತದೆ ಎಂದು ಇಂಟರ್‌ಹಾರ್ಟ್ ತೋರಿಸಿತ್ತು. ಗುಟ್ಕಾ ಮಾರಾಟಕ್ಕೆ ಕರ್ನಾಟಕದಲ್ಲಿ 2013ರಲ್ಲೇ ನಿಷೇಧ ಬಂತು. ಆದರೂ ಪಾನ್ ಮಸಾಲೆ, ತಂಬಾಕು ಬೇರೆ ಬೇರೆ ಪುಡಿಕೆಗಳಾಗಿ ಬಂದು ಬಾಯಲ್ಲಿ ಒಂದಾಗುತ್ತಿವೆ. ಸ್ಕೋರ್ ಹೆಚ್ಚಿದ್ದವರು ಮಾಡಬಹುದಾದ ಅತಿ ದೊಡ್ಡ ಕೆಲಸ ತಂಬಾಕನ್ನು ಪೂರ್ತಿ ಬಿಡುವುದು.

ಊಟದ ವಿಷಯದಲ್ಲಿ ಈ ಸೀಮೆಯವರು ಹೊಸದಾಗಿ ಕಲಿಯುವುದು ಕಡಿಮೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ, ಇವುಗಳಲ್ಲಿ ತಪ್ಪು ಹುಡುಕುವಂತಿಲ್ಲ. ಎರಿ ಹೊಲದಲ್ಲಿ ಹಿಂಗಾರಿ ಜೋಳದ ಜೊತೆಗೆ ಕುಸುಬಿ ಬೆಳೆದು ಗಾಣದಲ್ಲಿ ಎಣ್ಣೆ ತೆಗೆಸುವ ರೂಢಿ ಇತ್ತು. ಆ ಎಣ್ಣೆಯಲ್ಲಿ ಹೆಚ್ಚಿನ ಭಾಗ ಎಲ್‌ಡಿಎಲ್ ತಗ್ಗಿಸುವ ಬಗೆಯ ಕೊಬ್ಬು. ಆ ಜಾಗಕ್ಕೆ ಪಾಮ್ ಎಣ್ಣೆ ಬಂದದ್ದು, ಸಂಜೆಯಾದರೆ ಮಿರ್ಚಿ ಭಜಿಯ ಗಾಡಿಯ ಮುಂದೆ ನಿಲ್ಲುವುದು, ಊಟಕ್ಕೊಮ್ಮೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಮುಂದಾದ ಚಟ್ನಿಪುಡಿ, ಇವು ತಗ್ಗಬೇಕು.

ಮೈಮುರಿದು ದುಡಿಯುವುದರ ಬೆಲೆ ಎಷ್ಟು ಎಂಬುದಕ್ಕೆ ದೂರದ ಬೊಲಿವಿಯಾದ ಕಾಡಿನಿಂದ ಒಂದು ಸಾಕ್ಷಿ ಬಂದಿದೆ. ಬೇಟೆ, ಮೀನುಗಾರಿಕೆ, ಬೇಸಾಯದಿಂದ ಬದುಕುವ ಚಿಮಾನೆ ಜನಾಂಗದ 705 ವಯಸ್ಕರನ್ನು ಸಿಟಿ ಯಂತ್ರವಿದ್ದ ಪಟ್ಟಣಕ್ಕೆ ಕರೆತಂದು ಸ್ಕೋರ್ ತೆಗೆದರು. 2017ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನೂರಕ್ಕೆ 85 ಮಂದಿಗೆ ಸೊನ್ನೆ, 100 ದಾಟಿದವರು ನೂರಕ್ಕೆ ಮೂವರು. ಎಲ್‌ಡಿಎಲ್ ಸರಾಸರಿ 90ರ ಸುಮಾರು. ಗಂಡಸರು ದಿನಕ್ಕೆ ಆರೇಳು ಗಂಟೆ ಮೈದುಡಿತ ಮಾಡುತ್ತಿದ್ದರು. ಸವದತ್ತಿ, ಬೈಲಹೊಂಗಲದ ಹೊಲಗಳಲ್ಲಿ ಎತ್ತಿನ ಹಿಂದೆ ನಡೆದ ತಲೆಮಾರಿನವರ ಮಕ್ಕಳು ಇಂದು ಟ್ರ್ಯಾಕ್ಟರಿನ ಮೇಲೆ ಕೂರುತ್ತಾರೆ, ಅರ್ಧ ಮೈಲಿಗೂ ಬೈಕು ತೆಗೆಯುತ್ತಾರೆ. ರಾಮದುರ್ಗ, ಸುರೇಬಾನದ ನೇಕಾರರು ದಿನವಿಡೀ ಮಗ್ಗಕ್ಕೆ ಕುಳಿತಿರುತ್ತಾರೆ. ಅಂಥವರಿಗೆ ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಕನಿಷ್ಠ ಅಗತ್ಯ. ಎದೆಯಲ್ಲಿ ಬಿಗಿತ, ಅತಿಯಾದ ಉಬ್ಬಸ ಇಲ್ಲದಿದ್ದರೆ ಸ್ಕೋರ್ ಹೆಚ್ಚೆಂದು ಹಾಸಿಗೆ ಹಿಡಿಯಬೇಕಿಲ್ಲ. ವೈದ್ಯರ ಒಪ್ಪಿಗೆ ಪಡೆದು ದಿನದಿನಕ್ಕೆ ಹೆಚ್ಚಿಸುತ್ತ ಹೋದರೆ ಎಲ್ಲಮ್ಮನ ಗುಡ್ಡವನ್ನೂ ನಡೆದೇ ಹತ್ತಬಹುದು.

ಇನ್ನು ಮನಸ್ಸಿನ ಮಾತು. ಹೃದಯದ ಭಯ ಊರಿಗೆ ಊರೇ ಹರಡುವುದನ್ನು ಕರ್ನಾಟಕ ಎರಡು ಸಲ ಕಣ್ಣಾರೆ ಕಂಡಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಿಗೆ ಬೆಳಗಾಗುವ ಮೊದಲೇ ಜನ ಮುಗಿಬಿದ್ದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕು ಸಾವುಗಳಿಗೆ ಹೃದಯದ ಸಂಬಂಧವೇ ಇರಲಿಲ್ಲ. ಹೃದ್ರೋಗದ ಪ್ರಮಾಣ ಹಿಂದಿಗಿಂತ ಅಸಹಜವಾಗಿ ಏರಿದ್ದೂ ಕಾಣಲಿಲ್ಲ. ಉಳಿದವರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಮದ್ಯ, ಧೂಮಪಾನದಂಥ ಹಳೆಯ ಕಾರಣಗಳೇ ಎದ್ದು ಕಂಡವು.

ಒಬ್ಬ ಮನುಷ್ಯನ ಮನೆಯಲ್ಲೂ ಭಯ ಹೀಗೆಯೇ ಹರಡುತ್ತದೆ. ವರದಿ ಬಂದ ಮೊದಲ ಕೆಲವು ವಾರ ಎದೆ ಡವಗುಟ್ಟುವುದು, ನಡುರಾತ್ರಿ ಎಚ್ಚರವಾಗುವುದು, ಸಣ್ಣ ಹಿಡಿತಕ್ಕೂ ಬೆವರುವುದು ಸಹಜ. ಅದನ್ನು ಮುಚ್ಚಿಟ್ಟುಕೊಳ್ಳದೆ ಹೆಂಡತಿಗೋ ಗಂಡನಿಗೋ ಗೆಳೆಯನಿಗೋ ಹೇಳಿಕೊಳ್ಳಬೇಕು. ಮೊಬೈಲಿನಲ್ಲಿ ರಾತ್ರಿಯೆಲ್ಲ ಹೃದಯದ ವಿಡಿಯೊ ನೋಡುವುದನ್ನು ನಿಲ್ಲಿಸಬೇಕು. ಭಯ ಇಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆಯೂ ಇದೆ. ಭಯಕ್ಕೆ ಒಳ್ಳೆಯ ಮುಖವೂ ಉಂಟು. ಐಸ್ನರ್ ಎಂಬ ಅಧ್ಯಯನದಲ್ಲಿ 2,137 ಜನರನ್ನು ಸ್ಕೋರ್ ತೆಗೆದವರು, ತೆಗೆಯದವರು ಎಂದು ವಿಂಗಡಿಸಿ ನಾಲ್ಕು ವರ್ಷ ನೋಡಿದಾಗ, ತಮ್ಮ ನಾಳದ ಚಿತ್ರ ಕಂಡವರಲ್ಲಿ ಬಿಪಿ, ಎಲ್‌ಡಿಎಲ್, ಸೊಂಟದಳತೆ ಮೂರೂ ಇನ್ನೊಂದು ಗುಂಪಿಗಿಂತ ಚೆನ್ನಾಗಿ ಹತೋಟಿಯಲ್ಲಿದ್ದವು.

ಸ್ಕೋರ್ ಹೆಚ್ಚಿದ್ದವರ ಮನೆಯವರೆಲ್ಲ ತಿಳಿದಿರಬೇಕಾದದ್ದು ತುರ್ತಿನ ದಾರಿ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರಾದ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ, ಹೃದಯಾಘಾತ ಅಥವಾ ಅದರ ಲಕ್ಷಣಗಳಿಂದ ಬಂದ 20,468 ರೋಗಿಗಳ ಮಾಹಿತಿ ಕೂಡಿಸಿ 2008ರಲ್ಲಿ ಪ್ರಕಟಿಸಿದರು. ತೊಂದರೆ ಶುರುವಾಗಿ ಆಸ್ಪತ್ರೆ ಮುಟ್ಟಲು ರೋಗಿಗಳಿಗೆ ಹಿಡಿದ ನಡುಮಟ್ಟದ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಅಷ್ಟರೊಳಗೆ ಹೃದಯದ ಸ್ನಾಯು ಬಹಳಷ್ಟು ಸತ್ತಿರುತ್ತದೆ. ಈ ಆರು ಗಂಟೆ ಕಳೆಯುವ ಬಗೆ ಇಲ್ಲಿನವರಿಗೆ ಗೊತ್ತಿದ್ದದ್ದೇ. “ಏನಿಲ್ಲಪಾ, ಗ್ಯಾಸ್ ಆಗೇತಿ” ಎಂದು ಸೋಡಾ ಕುಡಿಯುವುದು, ಬೆನ್ನು ತಿಕ್ಕಿಸಿಕೊಳ್ಳುವುದು, ಬೆಳಗಾಗಲಿ ಎಂದು ಮಲಗುವುದು. ಎದೆಯ ನಡುವೆ ಒತ್ತಿದಂತಾಗಿ, ಎಡಗೈಗೋ ದವಡೆಗೋ ಬೆನ್ನಿಗೋ ಹರಡಿ, ಬೆವರು ಕಿತ್ತುಬಂದರೆ ಅದು ಗ್ಯಾಸೋ ಅಲ್ಲವೋ ಎಂದು ನಿರ್ಧರಿಸುವ ಕೆಲಸ ಇಸಿಜಿಯದು. ಹೆಣ್ಣುಮಕ್ಕಳಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು, ವಾಂತಿಯಾಗಿಯೂ ಹೃದಯಾಘಾತ ಬರಬಹುದು.

ಕಿತ್ತೂರು ಹೆದ್ದಾರಿಯ ಮೇಲಿದೆ, ಬೆಳಗಾವಿ–ಧಾರವಾಡ ಎರಡೂ ಕೈಗೆಟುಕುತ್ತವೆ. ಬೈಲಹೊಂಗಲದಿಂದ ಬೆಳಗಾವಿ, ಸವದತ್ತಿಯಿಂದ ಧಾರವಾಡ ಒಂದು ಗಂಟೆಯ ಸುಮಾರಿನ ದಾರಿ. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು. ಹೀಗಾಗಿ ದೊಡ್ಡ ಆಸ್ಪತ್ರೆಯವರೆಗೆ ಕಾಯದೆ ಹತ್ತಿರದಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕಾಗಿಯೇ ಬಂದದ್ದು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಅವರು ಹೃದಯಾಘಾತ ಎಂದು ಖಚಿತಪಡಿಸಿದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ತಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ, ರಾತ್ರಿ ಹೊತ್ತು ಯಾರು ಇರುತ್ತಾರೆ ಎಂದು ಆರಾಮಾಗಿರುವಾಗಲೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಬೇಕು. 108ಕ್ಕೆ ಕರೆ ಮಾಡಬೇಕು. ಎದೆನೋವಿದ್ದವರು ತಾವೇ ಬೈಕು ಹೊಡೆದುಕೊಂಡು ಹೋಗಬಾರದು.

ಕೊನೆಯದಾಗಿ ಒಂದೇ ರಕ್ತ ಹಂಚಿಕೊಂಡವರ ವಿಷಯ. ಒಬ್ಬರಿಗೆ, ಅದರಲ್ಲೂ ಐವತ್ತೈದರೊಳಗಿನವರಿಗೆ, ಸ್ಕೋರ್ ಹೆಚ್ಚು ಬಂದಿದ್ದರೆ ಅಣ್ಣತಮ್ಮ, ಅಕ್ಕತಂಗಿ, ಇಪ್ಪತ್ತು ದಾಟಿದ ಮಕ್ಕಳು ತಮ್ಮ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಬೇಕು. ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಲ್ಲಿ ಹರಿದುಬರುವ ದೋಷವಾಗಿರಬಹುದು. ಲೈಪೊಪ್ರೋಟೀನ್ (ಎ) ಎಂಬ ಇನ್ನೊಂದು ರಕ್ತಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದೂ ಹೆತ್ತವರಿಂದ ಮಕ್ಕಳಿಗೆ ಬರುವಂಥದ್ದೇ. ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ಭಾರತ ಹುಣ್ಣಿಮೆಯ ಜಾತ್ರೆಗೋ ದೀಪಾವಳಿಗೋ ಊರಿಗೆ ಬಂದಾಗ ಅಪ್ಪನ ಫೈಲನ್ನು ಅವರ ಮುಂದೆ ಬಿಚ್ಚಿಡಬೇಕು, ಮರುದಿನ ಮುಂಜಾನೆಯೇ ಎಲ್ಲರೂ ಕೂಡಿ ರಕ್ತ ಕೊಟ್ಟುಬರಬೇಕು.